ದಾರಿಯಲ್ಲಿದ್ದ ಮಾತು

ಗಾಳಿ ನಿಲ್ಲದ ಆ ಊರಿನಲ್ಲಿ ತಂದೆಯ ಮಾತು ಮಕ್ಕಳ ಕಿವಿ ಮುಟ್ಟಲು ಮೂರು ದಿನ ಬೇಕು.

ಚಿಕ್ಕ ಮಕ್ಕಳಿಗೆ ಈ ಕಟ್ಟಳೆ ಇಲ್ಲ. ಅಪ್ಪ ಕರೆದರೆ ಓಡಿ ಬರುತ್ತವೆ, ಗದರಿದರೆ ಅಲ್ಲೇ ಅಳುತ್ತವೆ, ಮುದ್ದು ಮಾಡಿದರೆ ಅಲ್ಲೇ ನಗುತ್ತವೆ. ಹನ್ನೆರಡು ತುಂಬಿದ ದಿನ ಶಾಸ್ತ್ರ ನಡೆಯುತ್ತದೆ. ಊರ ನಡುವಿನ ಬಯಲಿನ ಒಂದು ತುದಿಯಲ್ಲಿ ಮಗುವನ್ನು ನಿಲ್ಲಿಸುತ್ತಾರೆ. ಇನ್ನೊಂದು ತುದಿಯಲ್ಲಿ ತಂದೆ ನಿಲ್ಲುತ್ತಾನೆ. ತಲೆಗೆ ಹೊಸ ರುಮಾಲು, ಕೈಯಲ್ಲಿ ಒಂದು ಹಿಡಿ ಅಕ್ಕಿ. ಅವನು ಮಗುವಿನ ಹೆಸರನ್ನು ಗಟ್ಟಿಯಾಗಿ ಒಂದೇ ಸಲ ಕೂಗುತ್ತಾನೆ. ಊರೆಲ್ಲ ಕೇಳಿಸಿಕೊಳ್ಳುತ್ತದೆ, ಮಗುವಿಗೆ ಮಾತ್ರ ಕೇಳುವುದಿಲ್ಲ. ಅಪ್ಪನ ಬಾಯಿ ತೆರೆದದ್ದು, ಮುಚ್ಚಿದ್ದು ಕಾಣುತ್ತದೆ, ಅಷ್ಟೆ. ಎಲ್ಲರೂ ಬೆಲ್ಲ ತಿಂದು ಮನೆಗೆ ಹೋಗುತ್ತಾರೆ. ಮೂರು ದಿನ ಕಳೆದು ಅದೇ ಹೊತ್ತಿಗೆ, ಮಗು ಎಲ್ಲೋ ಆಡುತ್ತಲೋ ಉಣ್ಣುತ್ತಲೋ ಇರುವಾಗ, ಅಪ್ಪ ಕೂಗಿದ ಹೆಸರು ಬಂದು ಕಿವಿಗೆ ಬೀಳುತ್ತದೆ. ಮಗು ತಿರುಗಿ ನೋಡುತ್ತದೆ. ಹಿಂದೆ ಯಾರೂ ಇರುವುದಿಲ್ಲ. ಅಂದಿನಿಂದ ಮಗು ದೊಡ್ಡದಾಯಿತು ಎಂದು ಲೆಕ್ಕ.

ಏಕೆ ಹೀಗೆ ಎಂದು ಕೇಳಬೇಡಿ. ನಾನೂ ಕೇಳಿ ನೋಡಿದೆ. ಮೊದಲಿನಿಂದ ಹೀಗೇ ಎಂದರು. ತಾಯಂದಿರ ಮಾತಿಗೆ ತಡವಿಲ್ಲ. ಮಕ್ಕಳು ಅಪ್ಪನಿಗೆ ಆಡುವ ಮಾತಿಗೂ ತಡವಿಲ್ಲ, ಆಡಿದ ಕೂಡಲೇ ತಲುಪುತ್ತದೆ. ಅಪ್ಪನ ಮಾತಿಗೆ ಮಾತ್ರ ಮೂರು ದಿನದ ದಾರಿ. ಬೇರೆಯವರ ಬಾಯಲ್ಲಿ ಹೇಳಿ ಕಳಿಸಿದರೂ ಮೂರೇ ದಿನ. ಕಾಗದದಲ್ಲಿ ಬರೆದುಕೊಟ್ಟರೆ ಮಗುವಿನ ಕಣ್ಣಿಗೆ ಆ ಕಾಗದ ಮೂರು ದಿನ ಖಾಲಿಯಾಗಿ ಕಾಣುತ್ತದೆ. ಇಂದು ಕೇಳಿದ್ದಕ್ಕೆ ಮೂರು ದಿನ ಬಿಟ್ಟು ಉತ್ತರ ಬಂದರೆ ಯಾವ ಮಗು ತಾನೆ ಕೇಳುತ್ತದೆ? ಹಾಗಾಗಿ ಮಕ್ಕಳು ಅಪ್ಪಂದಿರನ್ನು ಏನೂ ಕೇಳುತ್ತಿರಲಿಲ್ಲ. ಹೇಳುತ್ತಲೂ ಇರಲಿಲ್ಲ.

ಅಪ್ಪಂದಿರು ಇದಕ್ಕೆ ಹೊಂದಿಕೊಂಡಿದ್ದರು. ಮಳೆ ಬರುತ್ತಿದೆ, ಗೊರಗ ಹೊದ್ದುಕೋ ಎಂದರೆ ಆ ಮಾತು ಸುಡುಬಿಸಿಲಲ್ಲಿ ಹೋಗಿ ಮುಟ್ಟುತ್ತದೆ. ನೀನು ಇವತ್ತು ಎಷ್ಟು ಚೆನ್ನಾಗಿ ಹಾಡಿದೆ ಎಂದರೆ, ಅದು ಮಗಳು ಹಲ್ಲುನೋವಿನಿಂದ ಮೂಲೆ ಹಿಡಿದಿರುವಾಗ ಬರುತ್ತದೆ. ಅದಕ್ಕೇ ಅಪ್ಪಂದಿರು ಮೂರು ದಿನ ಇಟ್ಟರೂ ಹಳಸದ ಮಾತುಗಳನ್ನು ಆರಿಸಿಕೊಂಡಿದ್ದರು. ಹುಷಾರು. ಚೆನ್ನಾಗಿ ಓದಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ಹಿರಿಯರು ಹೇಳಿದಂತೆ ಕೇಳು. ಇವು ಯಾವತ್ತು ಬಂದರೂ ನಡೆಯುತ್ತವೆ. ಯಾವತ್ತು ಬಂದರೂ ನಡೆಯುವ ಮಾತನ್ನು ಯಾವತ್ತೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಎನ್ನುವುದು ಬೇರೆ ವಿಷಯ.

ಇನ್ನೊಂದು ಪದ್ಧತಿ ಇತ್ತು. ತಂದೆ ಮಾತಾಡುವಾಗ ಮಗುವಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಮಾತಾಡಬೇಕು. ಎದುರಾಗಿ ನಿಂತರೆ ಮಕ್ಕಳು ತುಟಿ ನೋಡಿ ಅರ್ಧಂಬರ್ಧ ತಿಳಿದುಕೊಂಡುಬಿಡುತ್ತಾರೆ ಎಂದು ಹಿರಿಯರ ಭಯ. ಹೀಗಾಗಿ ಆ ಊರಿನ ಹುಡುಗ ಹುಡುಗಿಯರಿಗೆ ಅಪ್ಪ ಮಾತಾಡುವಾಗ ಅವನ ಮುಖ ಹೇಗಿರುತ್ತದೆಂದು ಗೊತ್ತಿರಲಿಲ್ಲ. ಬೆನ್ನು ಗೊತ್ತಿತ್ತು.

ಈ ಊರಿನಲ್ಲಿ ಒಬ್ಬ ಹಗ್ಗ ಹೊಸೆಯುವವನಿದ್ದ. ಅವನಿಗೆ ಒಬ್ಬಳೇ ಮಗಳು.

ಹಗ್ಗದ ಕೆಲಸ ಒಬ್ಬರಿಂದ ಆಗುವಂಥದ್ದಲ್ಲ. ಒಬ್ಬರು ರಾಟೆ ತಿರುಗಿಸಬೇಕು. ಇನ್ನೊಬ್ಬರು ಸೊಂಟಕ್ಕೆ ನಾರಿನ ಕಟ್ಟು ಬಿಗಿದುಕೊಂಡು, ನಾರು ಬಿಡುತ್ತ ಬಿಡುತ್ತ ಹಿಂದಕ್ಕೆ ನಡೆಯಬೇಕು. ಹಿಂದಕ್ಕೆ, ಹಿಂದಕ್ಕೆ, ಅಂಗಳ ದಾಟಿ, ಹುಣಸೆಮರ ದಾಟಿ, ಹಳ್ಳದ ಏರಿಯವರೆಗೆ. ಅಷ್ಟು ದೂರ ಕೂಗಿದರೆ ಗಾಳಿಯಲ್ಲಿ ಏನೂ ಕೇಳದು. ಅದಕ್ಕೆ ಹಗ್ಗದಲ್ಲೇ ಹೇಳಬೇಕು. ಒಂದು ಎಳೆತ ಎಂದರೆ ನಿಲ್ಲು. ಎರಡು ಎಳೆತ ಎಂದರೆ ಬಾ. ಜಗ್ಗದೆ, ಉದ್ದಕ್ಕೆ ಮೆಲ್ಲಗೆ ಬಿಗಿಹಿಡಿದರೆ, ಈ ತುದಿಯಲ್ಲಿ ನಾನಿದ್ದೇನೆ, ಹಿಡಿದಿದ್ದೇನೆ ಎಂದು. ಐದು ವರ್ಷದವಳಿದ್ದಾಗಿನಿಂದ ಹನ್ನೆರಡು ತುಂಬುವವರೆಗೆ ಮಗಳೇ ಹಿಂದಕ್ಕೆ ನಡೆಯುತ್ತಿದ್ದಳು. ಅಪ್ಪ ರಾಟೆ ತಿರುಗಿಸುತ್ತಿದ್ದ. ಅವರಿಬ್ಬರ ಹಗ್ಗ ಎಂದರೆ ಊರಲ್ಲಿ ಹೆಸರು.

ಹೆಸರು ಕೂಗುವ ಶಾಸ್ತ್ರವಾದ ಮೇಲೆ ಅವನು ಕೂಲಿಯವನನ್ನು ಇಟ್ಟುಕೊಂಡ. ದೊಡ್ಡವಳಾದ ಮಗಳು ಅಪ್ಪನ ಜೊತೆ ಕೆಲಸಕ್ಕೆ ನಿಲ್ಲುವುದು ಪದ್ಧತಿಯಲ್ಲ ಎಂದು ಯಾರೋ ಹೇಳಿದರು. ಅವನೂ ಹೌದೆಂದ. ಮಗಳಿಗೆ ಈಗ ಹದಿನಾರು. ನಾಲ್ಕು ವರ್ಷದಿಂದ ಒಂದೇ ಸೂರಿನಡಿ ಅವನು ಗೋಡೆಗೆ ಮುಖ ಮಾಡಿ ಹುಷಾರು ಎನ್ನುತ್ತಿದ್ದ. ಅವಳು ಮೂರು ದಿನದ ಮೇಲೆ ಹೂಂ ಎನ್ನುತ್ತಿದ್ದಳು.

ಒಂದು ಸೋಮವಾರ ಬೆಳಗ್ಗೆ ಕೂಲಿಯವನು ಸುದ್ದಿ ತಂದ. ನಿಮ್ಮ ಮಗಳು ನಿಮ್ಮದೇ ಹಗ್ಗ ಕಟ್ಟಿಕೊಂಡು ಊರಾಚೆಯ ಪಾಳುಬಾವಿಗೆ ಇಳಿದು ಹತ್ತುತ್ತಾಳಂತೆ, ತಿಂಗಳಿಂದ ನಡೆದಿದೆಯಂತೆ, ಬಾವಿಯಜ್ಜಿ ನಡೆಸುವ ಬಾವಿ ಇಳಿಯುವವರ ಗುಂಪಿಗೆ ಸೇರಿದ್ದಾಳಂತೆ. ಪಾಳುಬಾವಿಯ ಕಲ್ಲು ಒಂದೊಂದೂ ಅಲ್ಲಾಡುತ್ತದೆ. ಹಗ್ಗದವನು ರಾಟೆ ಬಿಟ್ಟು ಅಂಗಳದಲ್ಲಿ ಸುತ್ತಿದ. ಹಿಂದಕ್ಕೂ ಮುಂದಕ್ಕೂ ಸುತ್ತಿದ. ಆ ಸುತ್ತಾಟ ಮಧ್ಯಾಹ್ನದ ಹೊತ್ತಿಗೆ ಸಿಟ್ಟಾಗಿತ್ತು. ಮಗಳು ಒದ್ದೆ ಕೂದಲು ಹರಡಿಕೊಂಡು ಒಳಗೆ ಬಂದಳು. ಸೂರ್ಯ ನೆತ್ತಿಯ ಮೇಲಿದ್ದ. ಅವನು ಅವಳಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಹೇಳಿಬಿಟ್ಟ:

"ಇನ್ಮೇಲೆ ನನ್ನ ಹಗ್ಗ ಮುಟ್ಬೇಡ. ಇಂಥ ಮಗಳು ನಂಗೆ ಬೇಕಾಗಿಲ್ಲ."

ಮಗಳಿಗೆ ಏನೂ ಕೇಳಲಿಲ್ಲ. ಅಪ್ಪನ ಹೆಗಲು ಕುಣಿದದ್ದು ಕಂಡಿತು. ತಲೆ ಒರೆಸಿಕೊಂಡು ಊಟಕ್ಕೆ ಕೂತಳು.

ಮಾತು ಹೊರಟಿತ್ತು. ಇನ್ನು ಅದು ದಾರಿಯಲ್ಲಿತ್ತು.

ಸಂಜೆಗೆ ಅವನ ಸಿಟ್ಟು ಇಳಿಯಿತು. ಸಿಟ್ಟು ಇಳಿದಾಗ ಕೆಳಗೆ ಏನಿತ್ತೋ ಅದು ಕಂಡಿತು, ಅವನಿಗೆ ಅಳು ಬಂತು. ಹೇಳಿದ್ದನ್ನು ತಿದ್ದಿ ಹೇಳೋಣ ಎಂದು ಬಾಯಿ ತೆರೆದ, ಮುಚ್ಚಿದ. ಮಧ್ಯಾಹ್ನದ ಮಾತು ಗುರುವಾರ ಮಧ್ಯಾಹ್ನ ಮುಟ್ಟುತ್ತದೆ. ಸಂಜೆಯ ಮಾತು ಗುರುವಾರ ಸಂಜೆ. ನಡುವಿನ ಅಷ್ಟು ಹೊತ್ತು ಆ ಮಾತು ಅವಳ ಬಳಿ ಒಂದೇ ಇರುತ್ತದೆ. ಅಷ್ಟರಲ್ಲಿ ಅದು ಏನು ಮಾಡೀತು?

ಮಂಗಳವಾರ ಅವನು ಸಂತೆಗೆ ಹೋಗಿ ಕಡಲೆಮಿಠಾಯಿ ತಂದ. ಬಾಳೆಲೆಯಲ್ಲಿ ಕಟ್ಟಿಸಿಕೊಂಡು ಬಂದು ಮಗಳ ಮುಂದೆ ಇಟ್ಟ. ಮಗಳು ಮಿಠಾಯಿ ನೋಡಿದಳು, ಅಪ್ಪನನ್ನು ನೋಡಿದಳು.

"ಯಾವುದೋ ಕೆಟ್ಟ ಮಾತು ಹೊರಟಿದೆ, ಅಲ್ವಾ ಅಪ್ಪ?" ಎಂದಳು.

ಅವನು ಬೆಚ್ಚಿದ. ಬೆಚ್ಚುವುದೇನು ಬಂತು, ಊರಿನ ಮಕ್ಕಳಿಗೆಲ್ಲ ಇದು ಗೊತ್ತು. ಅಪ್ಪ ಇದ್ದಕ್ಕಿದ್ದಂತೆ ಒಳ್ಳೆಯವನಾದರೆ ಮೂರು ದಿನದೊಳಗೆ ಏನೋ ಬಂದು ಬಡಿಯುತ್ತದೆ. ಮಿಠಾಯಿ ಕಂಡರೆ ಆ ಊರಿನ ಹುಡುಗರು ಹೆದರುತ್ತಾರೆ.

"ಯಾವಾಗ ಬರುತ್ತೆ?"

ಅವನು ನೆತ್ತಿಯ ಮೇಲಿನ ಸೂರ್ಯನನ್ನು ತೋರಿಸಿದ. ಎರಡು ಬೆರಳು ಎತ್ತಿದ.

"ನಾಡಿದ್ದು ಮಧ್ಯಾಹ್ನ," ಎಂದಳು ಮಗಳು. "ಆಗ ನಾನು ದೊಡ್ಡ ಬಾವಿಯೊಳಗಿರ್ತೀನಿ. ಹೂಳು ತೆಗೆಯೋಕೆ ನನ್ನನ್ನೇ ಇಳಿಸ್ತಿದಾರೆ. ಬಾವಿಯಜ್ಜಿನೇ ಆರಿಸಿದ್ದು."

ದೊಡ್ಡ ಬಾವಿ ಊರಿಗೆಲ್ಲ ನೀರು ಕೊಡುವ ಬಾವಿ. ಎಂಬತ್ತು ಮಾರು ಆಳ. ಅದರ ತಳಕ್ಕೆ ಬೆಳಕು ಬೀಳುವುದು ಸೂರ್ಯ ನೆತ್ತಿಗೆ ಬಂದಾಗ ಮಾತ್ರ, ಅದೂ ವರ್ಷದಲ್ಲಿ ಒಂದು ದಿನ. ಆ ದಿನ, ಆ ಹೊತ್ತು ತಪ್ಪಿದರೆ ಇನ್ನೊಂದು ವರ್ಷ ಹೂಳು ತೆಗೆಯುವಂತಿಲ್ಲ. ಅದೇ ಹೊತ್ತಿಗೆ, ಅವಳು ಅವನ ಹಗ್ಗಕ್ಕೆ ತೂಗುತ್ತಿರುವಾಗ, ನನ್ನ ಹಗ್ಗ ಮುಟ್ಟಬೇಡ ಎಂಬ ಮಾತು ಬಂದು ಕಿವಿಗೆ ಬೀಳುತ್ತದೆ. ಅವಳ ಹಟ ಅವನಿಗೆ ಗೊತ್ತು. ಮುಟ್ಟಬೇಡ ಎಂದರೆ ಮುಟ್ಟುವವಳಲ್ಲ ಅವಳು. ನಡುಬಾವಿಯಲ್ಲೇ ಸೊಂಟದ ಗಂಟು ಬಿಚ್ಚಿ ಕಲ್ಲಿನ ಸಂದು ಹಿಡಿದು ನಿಂತಾಳು. ಹಿಡಿತ ಜಾರಿದರೂ ಹಗ್ಗಕ್ಕೆ ಕೈ ಹಾಕಲಾರಳು.

ಅವನು ತಲೆ ಅಲ್ಲಾಡಿಸಿದ. ಬೇಡ, ಬೇಡ, ಬೇಡ.

ಮಗಳು ನಕ್ಕಳು. ಆ ನಗು ಚೆನ್ನಾಗಿರಲಿಲ್ಲ. "ಇಷ್ಟು ವರ್ಷ ನಿನ್ನ ಬೇಡ ಅನ್ನೋ ಮಾತು ಮೂರು ದಿನ ತಡವಾಗಿ ಬರ್ತಿತ್ತು. ಈಗ ತಲೆ ಅಲ್ಲಾಡಿಸಿ ಬೇಗ ಕಳಿಸ್ತಿದೀಯ. ಅದೊಂದು ಕಲ್ತೆ ನೋಡು."

ಮಿಠಾಯಿ ಅಲ್ಲೇ ಉಳಿಯಿತು. ಇರುವೆ ಬಂದವು.

ಅವನು ಹೆಂಡತಿಯ ಬಳಿ ಹೋದ. ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವನು ಆಡಿದ್ದೆಲ್ಲ ಹೇಳಿದ, ಹಣೆ ಚಚ್ಚಿಕೊಂಡ.

"ನೀನಾದರೂ ಅವಳಿಗೆ ಹೇಳು. ನನಗೆ ಹಾಗೆ ಅನ್ನೋ ಮನಸ್ಸಿರಲಿಲ್ಲ ಅಂತ ಹೇಳು."

"ನೀವು ಹೇಳಿ ಕಳಿಸಿದ್ದು ಅಂತ ಹೇಳಿದರೆ ಅದು ನಿಮ್ಮ ಮಾತು, ಮೂರು ದಿನ ಹಿಡಿಯುತ್ತೆ," ಎಂದಳು ಹೆಂಡತಿ. "ನಾನಾಗಿ ಹೇಳಿದರೆ ನನ್ನ ಮಾತಾಗುತ್ತೆ. ನನ್ನ ಮಾತು ಅವಳಿಗೆ ದಿನಾ ಸಿಗುತ್ತೆ, ಬೇಸರ ಬರೋಷ್ಟು ಸಿಗುತ್ತೆ. ಅವಳಿಗೆ ಬೇಕಿರೋದು ಅದಲ್ಲ."

"ಮತ್ತೇನು ಮಾಡಲಿ?"

"ನನ್ನನ್ನ ಯಾಕೆ ಕೇಳ್ತೀರಿ? ನಾಲ್ಕು ವರ್ಷ ಹುಷಾರು ಹುಷಾರು ಅಂತ ಗೋಡೆಗೆ ಹೇಳಿದ್ರಿ. ಗೋಡೆನೇ ಕೇಳಿ." ರೊಟ್ಟಿ ಹಂಚಿನ ಮೇಲೆ ಹಾಕಿದಳು. ಮಗುಚಿ ಹಾಕುತ್ತ, "ಊಟ ಮಾಡಿ, ನಿನ್ನೆಯಿಂದ ಉಂಡಿಲ್ಲ," ಎಂದಳು.

ಮಾತು ದಾರಿಯಲ್ಲಿತ್ತು. ಅವನು ಉಣ್ಣುವಾಗಲೂ ಅದು ಬರುತ್ತಿತ್ತು. ಮಲಗಿದಾಗಲೂ ಬರುತ್ತಿತ್ತು.

ಬುಧವಾರ ಬೆಳಗ್ಗೆ ಅವನು ತಂದೆಯರ ಜಗಲಿಗೆ ಹೋದ. ಊರಿನ ಅಪ್ಪಂದಿರೆಲ್ಲ ಕೂಡುವ ಜಾಗ ಅದು. ಅಲ್ಲಿ ಒಬ್ಬರ ಹಳಸದ ಮಾತನ್ನು ಇನ್ನೊಬ್ಬರು ಎರವಲು ಪಡೆಯುತ್ತಾರೆ. ನಡುವೆ ಜಗಲಿಯ ಹಿರಿಯ ಎಲೆ ಅಡಿಕೆ ಹಾಕಿಕೊಂಡು ಕೂತಿರುತ್ತಾನೆ. ಹಗ್ಗದವನು ತನ್ನ ಸಂಕಟ ತೋಡಿಕೊಂಡ. ಎಲ್ಲರೂ ತಲೆದೂಗಿದರು.

"ಆಡಿದ್ದು ಆಡಿದ್ದೇ," ಎಂದ ಹಿರಿಯ. "ತಿದ್ದೋಕೆ ಹೋಗಬೇಡ. ಅಪ್ಪನ ಮಾತಿಗೆ ತೂಕ ಹೋಗ್ತದೆ. ಗುರುವಾರ ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಪಕ್ಕದ ಊರಿಗೆ ನಾರು ತರೋಕೆ ಹೋಗಿಬಿಡು. ಕೆಟ್ಟ ಮಾತು ಮುಟ್ಟೋ ದಿನ ಅಪ್ಪ ಆದವನು ಎದುರಿಗೆ ಇರಬಾರದು. ನಾವೆಲ್ಲ ಹಂಗೇ ಮಾಡೋದು."

"ಎಲ್ಲರೂ?"

"ಎಲ್ಲರೂ."

ಹಗ್ಗದವನು ಒಬ್ಬೊಬ್ಬರ ಮುಖ ನೋಡಿದ. ಅವರು ಸಾಲಾಗಿ ತಲೆ ತಗ್ಗಿಸಿದರು. ಎಲೆಗೆ ಸುಣ್ಣ ಹಚ್ಚುವುದರಲ್ಲಿ ಎಲ್ಲರಿಗೂ ಒಮ್ಮೆಲೇ ಗಮನ ಬಂದಿತ್ತು. ತನ್ನ ಅಪ್ಪನೂ ಎಷ್ಟೋ ಸಲ ಬುತ್ತಿ ಕಟ್ಟಿಕೊಂಡು ಪಕ್ಕದ ಊರಿಗೆ ಹೋದದ್ದು ಅವನಿಗೆ ನೆನಪಾಯಿತು. ಆ ದಿನಗಳಲ್ಲಿ ಏನೇನು ಬಂದು ಕಿವಿಗೆ ಬಿದ್ದಿತ್ತೆಂಬುದೂ ನೆನಪಾಯಿತು. ಅವನು ಎದ್ದು ಬಂದ.

ಮನೆಗೆ ಬಂದು, ನಾಳೆ ಬಾವಿಗೆ ಹೋಗಬೇಕಿದ್ದ ಹಗ್ಗವನ್ನು ಕೊಟ್ಟಿಗೆಯಿಂದ ಎಳೆದು ಅಂಗಳದಲ್ಲಿ ಹಾಸಿದ. ಬೇರೆ ಏನೂ ತೋಚದಿದ್ದಾಗ ಕೈಗೆ ಗೊತ್ತಿದ್ದ ಕೆಲಸ ಮಾಡುವುದು. ಒಂದು ತುದಿಯಿಂದ ಬೆರಳಲ್ಲಿ ಸವರುತ್ತ ಹೊರಟ. ಗೇಣು ಗೇಣಿಗೆ ಒತ್ತಿ ನೋಡಿದ. ನಲವತ್ತನೆಯ ಮಾರಿನ ಹತ್ತಿರ ಬೆರಳು ನಿಂತಿತು. ಅಲ್ಲಿ ಹುರಿ ಬೇರೆಯಾಗಿತ್ತು. ಸವೆದ ಜಾಗ ಬಿಚ್ಚಿ, ಹೊಸ ನಾರು ಕೂಡಿಸಿ, ಯಾರೋ ಎಂಟು ಮಾರು ಹೊಸೆದು ಸೇರಿಸಿದ್ದರು. ಹುರಿ ಬಿಗಿಯಾಗಿತ್ತು, ಸ್ವಲ್ಪ ಎಡಕ್ಕೆ ವಾಲುತ್ತಿತ್ತು. ಎಡಗೈಯವಳ ಹುರಿ. ಊರಲ್ಲಿ ಎಡಗೈಯಲ್ಲಿ ನಾರು ಬಿಡುವವಳು ಒಬ್ಬಳೇ.

ಆದರೆ ಒಬ್ಬಳೇ ಹೊಸೆದದ್ದು ಹೇಗೆ? ಇನ್ನೊಂದು ತುದಿ ಹಿಡಿದವರು ಯಾರು?

ಅವನು ಹುಣಸೆಮರದ ಆಚೆ ಹೋಗಿ ನೋಡಿದ. ಅಲ್ಲಿ ಒಂದು ಕಂಬ ಹುಗಿದಿತ್ತು. ಕರು ಕಟ್ಟಲು ಹುಗಿದದ್ದು ಎಂದುಕೊಂಡು ದಿನವೂ ದಾಟಿ ಹೋಗುತ್ತಿದ್ದ. ಕಂಬದ ಸೊಂಟದ ಹತ್ತಿರ ಹಗ್ಗ ತಿಕ್ಕಿ ತಿಕ್ಕಿ ಆಳವಾಗಿ ಗೀರು ಬಿದ್ದಿತ್ತು. ಒಂದು ದಿನದ ಗೀರಲ್ಲ ಅದು, ವರ್ಷಗಳದ್ದು. ಅವನ ಬದಲಿಗೆ ಅವಳು ಕಂಬವನ್ನು ನಿಲ್ಲಿಸಿಕೊಂಡಿದ್ದಳು.

ಹಗ್ಗದವನು ಕಂಬ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟ. ಕಂಬದ ಮೇಲೆ ಅವನಿಗೆ ಹೊಟ್ಟೆಕಿಚ್ಚಾಯಿತು. ಸುಳ್ಳಲ್ಲ, ನಿಜವಾಗಿ ಹೊಟ್ಟೆಕಿಚ್ಚಾಯಿತು.

ಗುರುವಾರ ಬಂತು.

ಊರೆಲ್ಲ ಬಾವಿಯ ಸುತ್ತ ನೆರೆದಿತ್ತು. ಬುಟ್ಟಿಗಳು, ಗುದ್ದಲಿಗಳು, ನಾಲ್ಕು ಜನ ಹಗ್ಗ ಹಿಡಿಯುವವರು. ಬಾವಿಯಜ್ಜಿ ಸೀರೆಯನ್ನು ಎತ್ತಿ ಕಟ್ಟಿಕೊಂಡು ಕಲ್ಲಿನ ಮೇಲೆ ನಿಂತಿದ್ದಳು. ಹರೆಯದಲ್ಲಿ ಊರಿನ ಬಾವಿಗಳಿಗೆಲ್ಲ ಇಳಿದವಳು ಅವಳು. ಈಗ ಮೇಲೆ ನಿಂತು ಕೂಗಿ ಇಳಿಸುತ್ತಾಳೆ, ಕೂಗಿ ಹತ್ತಿಸುತ್ತಾಳೆ. ಮಗಳು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಒಮ್ಮೆ ಜನರನ್ನೆಲ್ಲ ನೋಡಿದಳು. ಅಪ್ಪಂದಿರು ನಿಲ್ಲುವ ಸಾಲಿನಲ್ಲಿ ಅಪ್ಪ ಇರಲಿಲ್ಲ. ಪಕ್ಕದ ಊರಿಗೆ ಹೋಗಿರಬೇಕು ಎಂದುಕೊಂಡಳು. ಕಾಲು ಕೆಳಗೆ ಇಟ್ಟಳು.

ಅವಳ ತಲೆ ಕಾಣದಾದ ಮೇಲೆ ಹಗ್ಗದವನು ಜನರ ಹಿಂದಿನಿಂದ ಬಂದ. ಹಗ್ಗ ಹಿಡಿದವರ ಮುಂದೆ ಹೋಗಿ ನಿಂತು ತಾನೂ ಹಿಡಿದ.

"ಬಿಡು, ಬಿಡು," ಎಂದಳು ಬಾವಿಯಜ್ಜಿ. "ಮಗು ಒಳಗಿರುವಾಗ ಅಪ್ಪ ಹಗ್ಗ ಹಿಡಿಯೋ ಹಂಗಿಲ್ಲ. ಗೊತ್ತಿಲ್ವಾ ನಿಂಗೆ? ಅವಳು ಕೆಳಗಿಂದ ಕೂಗಿದರೆ ನಿನ್ನ ಉತ್ತರ ಭಾನುವಾರ ಹೋಗಿ ಮುಟ್ಟುತ್ತೆ. ಅಷ್ಟು ಹೊತ್ತು ನೇತಾಡ್ತಾಳಾ?"

"ಅವಳ ಕೂಗಿಗೆ ನೀನು ಉತ್ತರ ಕೊಡು, ಅಜ್ಜಿ," ಎಂದ ಹಗ್ಗದವನು. "ಹಗ್ಗಕ್ಕೆ ನಾನು ಕೊಡ್ತೀನಿ."

ಅಜ್ಜಿ ಅವನ ಮುಖ ನೋಡಿದಳು. ಏನು ಕಂಡಿತೋ, ಇಳಿಸಿ ಎಂದು ಕೈ ಬೀಸಿದಳು.

ಹಗ್ಗ ಇಳಿಯಿತು. ಹತ್ತು ಮಾರು, ಇಪ್ಪತ್ತು ಮಾರು. ಸೂರ್ಯ ಏರುತ್ತಿದ್ದ. ಬಾವಿಯ ಗೋಡೆಯ ಮೇಲೆ ಬೆಳಕು ಕಲ್ಲಿನಿಂದ ಕಲ್ಲಿಗೆ ಇಳಿಯುತ್ತಿತ್ತು. ಬೆಳಕಿನ ಹಿಂದೆ ಹಿಂದೆ ಮಗಳು. ಮಾತು ದಾರಿಯಲ್ಲಿತ್ತು. ಮೂವತ್ತು ಮಾರು. ಎಡಕ್ಕೆ ವಾಲಿದ ಹುರಿ ಅವನ ಅಂಗೈ ದಾಟಿ ಹೋಯಿತು. ಐವತ್ತು ಮಾರು. "ಹೇಗಿದೆ?" ಎಂದು ಅಜ್ಜಿ ಕೂಗಿದಳು. "ಚೆನ್ನಾಗಿದೆ, ಬಿಡಿ," ಎಂದು ಕೆಳಗಿಂದ ಬಂತು. ಅರವತ್ತು. ಮೇಲೆ ಅವನ ನೆರಳು ಅವನ ಪಾದದೊಳಗೆ ಸೇರಿಕೊಂಡಿತು. ಬಾವಿಯ ತಳದಲ್ಲಿ ನೀರು ಫಳಕ್ಕೆಂದಿತು.

ಮಾತು ಮುಟ್ಟಿತು.

ಮೇಲಿದ್ದವರಿಗೆ ಏನೂ ಕೇಳಲಿಲ್ಲ. ಹಗ್ಗ ಇಳಿಯುವುದು ನಿಂತಿತು, ಅಷ್ಟೆ. "ಹೇಗಿದೆ?" ಎಂದು ಅಜ್ಜಿ ಕೂಗಿದಳು. ಉತ್ತರವಿಲ್ಲ. ಇನ್ನೊಮ್ಮೆ ಕೂಗಿದಳು. ಬಾವಿಯೊಳಗೆ ಅವಳ ಕೂಗೇ ಸುತ್ತಿ ಸುತ್ತಿ ಮೇಲೆ ಬಂತು.

ಹಗ್ಗದವನ ಕೈಯಲ್ಲಿ ಹಗ್ಗ ಹಗುರವಾಯಿತು. ಅವಳು ಕಲ್ಲಿನ ಸಂದಿಗೆ ಕಾಲು ಕೊಟ್ಟು ಭಾರ ತೆಗೆದಿದ್ದಾಳೆ ಎಂದು ಅವನಿಗೆ ತಿಳಿಯಿತು. ಆಮೇಲೆ ಹಗ್ಗದಲ್ಲಿ ಸಣ್ಣ ನಡುಕ ಬಂತು. ಬೆರಳು ಗಂಟಿನ ಮೇಲಿದೆ. ಗಂಟು ಬಿಚ್ಚುವ ನಡುಕ ಹೇಗಿರುತ್ತದೆಂದು ಹಗ್ಗದವನಿಗಲ್ಲದೆ ಯಾರಿಗೆ ಗೊತ್ತು?

ಅವನು ಜಗ್ಗಲಿಲ್ಲ. ಜಗ್ಗಿದ್ದರೆ ಅವಳು ಕಾಲು ತಪ್ಪುತ್ತಿದ್ದಳು. ಹಿಂದಿನವರಿಗೆ ಸುಮ್ಮನಿರಿ ಎಂದು ತಲೆಯಲ್ಲೇ ಸನ್ನೆ ಮಾಡಿ, ಎರಡು ಅಂಗೈ ಹತ್ತಿರ ತಂದು, ಉದ್ದಕ್ಕೆ ಮೆಲ್ಲಗೆ ಹಗ್ಗವನ್ನು ಬಿಗಿಹಿಡಿದ. ಅಂಗಳ ದಾಟಿ, ಹುಣಸೆಮರ ದಾಟಿ, ಹಳ್ಳದ ಏರಿಯವರೆಗೆ ಹಿಂದಕ್ಕೆ ನಡೆದ ಐದು ವರ್ಷದ ಮಗುವಿಗೆ ಹೇಗೆ ಬಿಗಿಹಿಡಿಯುತ್ತಿದ್ದನೋ ಹಾಗೆ. ಬಿಗಿಹಿಡಿಯುತ್ತ ಅವನು ಕಟ್ಟಳೆ ಮರೆತ, ಗೋಡೆ ಮರೆತ, ಬಾವಿಯೊಳಗೆ ಮುಖ ಬಗ್ಗಿಸಿ ಗಟ್ಟಿಯಾಗಿ ಹೇಳಿದ:

"ಭಯ ಆಯ್ತು ಕಣಮ್ಮ. ನೀನು ಬಾವಿಗೆ ಇಳಿದೆ ಅಂತ ಕೇಳಿ ಭಯ ಆಯ್ತು ನಂಗೆ."

ಊರೆಲ್ಲ ಕೇಳಿಸಿಕೊಂಡಿತು. ಅಪ್ಪಂದಿರ ಸಾಲು ಒಮ್ಮೆ ಅಲ್ಲಾಡಿತು. ಕೆಳಗೆ ಅವಳಿಗೆ ಏನೂ ಕೇಳಲಿಲ್ಲ. ಆದರೆ ಹಗ್ಗದ ಬಿಗಿತ ಆಗಲೇ ಅವಳ ಸೊಂಟ ಮುಟ್ಟಿತ್ತು. ಹಗ್ಗಕ್ಕೆ ಮೂರು ದಿನದ ಕಟ್ಟಳೆ ಇಲ್ಲ.

ನಡುಕ ನಿಂತಿತು.

ಗಾಳಿ ಬುಟ್ಟಿಗಳನ್ನು ಉರುಳಿಸಿಕೊಂಡು ಹೋಯಿತು, ಯಾರೂ ಹಿಡಿಯಲು ಹೋಗಲಿಲ್ಲ. ಆಮೇಲೆ ಕೆಳಗಿಂದ ಧ್ವನಿ ಬಂತು.

"ಅಪ್ಪಾ? ನೀನಾ?"

ಅವನು ಬಿಗಿಯನ್ನು ಹಾಗೇ ಇಟ್ಟುಕೊಂಡ.

"ಹೋಗಿಲ್ವಾ ನೀನು?"

ಬಿಗಿ.

"ಬಂತು ನಿನ್ನ ಮಾತು. ಈಗಷ್ಟೇ ಬಂತು." ಧ್ವನಿ ಒಡೆದಿತ್ತು. "ನಾನು ಬೇಡ್ವಾ ನಿಂಗೆ?"

ಹಗ್ಗದಲ್ಲಿ ಇಲ್ಲ ಎನ್ನಲು ಬರುವುದಿಲ್ಲ. ಹೌದು ಎನ್ನಲೂ ಬರುವುದಿಲ್ಲ. ನಿಲ್ಲು, ಬಾ, ಹಿಡಿದಿದ್ದೇನೆ, ಈ ಮೂರೇ. ಅವನು ಎರಡು ಸಲ ಎಳೆದ. ಬಾ.

ಕೆಳಗೆ ಮೂಗು ಏರಿಸಿದ ಸದ್ದಾಯಿತು. ಬಾವಿ ಅದನ್ನೂ ದೊಡ್ಡದು ಮಾಡಿ ಊರಿಗೆಲ್ಲ ಕೇಳಿಸಿತು.

"ಈಗ ಬರಲ್ಲ," ಎಂದಳು ಮಗಳು. "ಹೂಳು ಹಂಗೇ ಇದೆ. ಬೆಳಕು ಹೋಗೋದ್ರೊಳಗೆ ತೆಗೀಬೇಕು. ಹಗ್ಗ ಬಿಡು ಇನ್ನೊಂದಿಷ್ಟು. ಆಮೇಲೆ ಹಿಡ್ಕೊಂಡಿರು."

ಅವನು ಬಿಟ್ಟ. ಎಪ್ಪತ್ತು ಮಾರು, ಎಂಬತ್ತು. ಆಮೇಲೆ ಹಿಡಿದುಕೊಂಡಿದ್ದ.

ಮಗಳು ಗುದ್ದಲಿ ಹಾಕುತ್ತ, ಬುಟ್ಟಿ ತುಂಬಿ ಕಳಿಸುತ್ತ, ಕೆಳಗಿಂದಲೇ ಮಾತಾಡಿದಳು. ಪಾಳುಬಾವಿಯಲ್ಲಿ ಮೊದಲ ಸಲ ಕಾಲು ಜಾರಿದ್ದು ಹೇಳಿದಳು. ಕಂಬಕ್ಕೆ ಕಟ್ಟಿ ಹೊಸೆದರೆ ಹುರಿ ಸರಿಯಾಗಿ ಕೂರಲ್ಲ, ಕಂಬ ಸ್ವಲ್ಪವೂ ಸಡಿಲ ಬಿಡಲ್ಲ ಎಂದಳು. ಯಾವ ಗೆಳತಿಯೊಡನೆ ಜಗಳವಾಯಿತು, ಯಾವ ಕನಸು ಎರಡು ಸಲ ಬಿತ್ತು, ಯಾರು ತನ್ನ ಎಡಗೈ ನೋಡಿ ನಕ್ಕರು, ಎಲ್ಲ ಹೇಳಿದಳು. ನಾಲ್ಕು ವರ್ಷದ್ದು. ನಡುವೆ ಒಮ್ಮೆ ಸಿಟ್ಟಿನಿಂದ ಬೈದಳು ಕೂಡ. ಅವನಿಗೆ ಬುದ್ಧಿ ಹೇಳಬೇಕೆನಿಸಿದ ಜಾಗ ಹನ್ನೆರಡಾದರೂ ಇದ್ದವು. ಹೇಳಿದರೂ ಭಾನುವಾರಕ್ಕೇ ಮುಟ್ಟುವುದು. ಹಾಗಾಗಿ ಕೇಳಿಸಿಕೊಂಡ. ಅಂಗೈ ಸುಲಿದು ರಕ್ತ ಬಂತು. ಹಿಂದಿನವರು ಕೈ ಬದಲಾಯಿಸುತ್ತೇವೆ ಎಂದರು. ಅವನು ಕೊಡಲಿಲ್ಲ.

ಅಪ್ಪಂದಿರ ಸಾಲಿನಲ್ಲಿ ಒಬ್ಬ ಮೆಲ್ಲಗೆ ತನ್ನ ಮಗನ ಪಕ್ಕಕ್ಕೆ ಹೋಗಿ ನಿಂತ. ಮಗ ಮೊದಲು ಅನುಮಾನದಿಂದ ಅವನ ಕೈ ನೋಡಿದ. ಕೈಯಲ್ಲಿ ಮಿಠಾಯಿ ಇರಲಿಲ್ಲ.

ಬೆಳಕು ಬಾವಿಯ ಗೋಡೆ ಹತ್ತಿತು. ಅದರ ಹಿಂದೆ ಮಗಳೂ ಹತ್ತಿ ಬಂದಳು. ಮೈಯೆಲ್ಲ ಕೆಸರು. ಅಪ್ಪನ ಕೈ ನೋಡಿದಳು, ತನ್ನ ಒದ್ದೆ ಸೆರಗು ಹರಿದು ಕಟ್ಟಿದಳು. ಇಬ್ಬರೂ ಅಕ್ಕಪಕ್ಕ ಮನೆಗೆ ನಡೆದರು. ಆಡಿದ ಮಾತು ಅವಳೊಳಗೆ ಇತ್ತು. ಅದು ಹೋಗಿಬಿಟ್ಟಿತು ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಆದರೆ ಅದೀಗ ಅಲ್ಲಿ ಒಂದೇ ಇರಲಿಲ್ಲ.

ಶನಿವಾರ ಅವನು ಕೂಲಿಯವನಿಗೆ ಬೇರೆ ಕೆಲಸ ಹೇಳಿದ. ಭಾನುವಾರ ಬೆಳಗ್ಗೆ ಮಗಳು ಕೇಳದೆಯೇ ಸೊಂಟಕ್ಕೆ ನಾರು ಕಟ್ಟಿಕೊಂಡಳು. ಅವನು ಬಟ್ಟೆ ಸುತ್ತಿದ ಕೈಯಲ್ಲಿ ರಾಟೆ ತಿರುಗಿಸಿದ. ಅವಳು ಅವನ ಕಡೆ ಮುಖ ಮಾಡಿ ಹಿಂದಕ್ಕೆ ನಡೆದಳು. ಹಿಂದಕ್ಕೆ, ಹಿಂದಕ್ಕೆ, ಅಂಗಳ ದಾಟಿ, ಹುಣಸೆಮರ ದಾಟಿ, ಕಿತ್ತು ಹಾಕಿದ್ದ ಕಂಬದ ಗುಂಡಿಯ ಆಚೆಗೆ. ಸೂರ್ಯ ನೆತ್ತಿಗೆ ಬಂದ.

ಹಗ್ಗ ತಟ್ಟನೆ ನಿಂತಿತು.

ಒಂದು ಎಳೆತ ಬಂದಿರಲಿಲ್ಲ, ಎರಡೂ ಬಂದಿರಲಿಲ್ಲ. ನಾರು ಮುಗಿಯಿತೇನೋ ಎಂದು ಅವನು ರಾಟೆ ಹಿಡಿದು ದೂರಕ್ಕೆ ನೋಡಿದ. ಮಗಳು ಏರಿಯ ಮೇಲೆ ನಿಂತು, ಯಾರೋ ಮಾತಾಡುತ್ತಿದ್ದಾರೆ ಎಂಬಂತೆ ಕತ್ತು ವಾಲಿಸಿದ್ದಳು. ಹಿಂದೆ ತಿರುಗಿ ನೋಡಲಿಲ್ಲ. ಅವನನ್ನೇ ನೋಡುತ್ತಿದ್ದಳು. ಆಮೇಲೆ ಹಗ್ಗ ಹಿಡಿದುಕೊಂಡೇ ಅವನ ಕಡೆಗೆ ನಡೆದು ಬಂದಳು. ಹೊಸೆದದ್ದೆಲ್ಲ ಸಡಿಲವಾಗಿ ನೆಲಕ್ಕೆ ಬಿದ್ದು ಸಿಕ್ಕಾಯಿತು. ಒಂದು ಬೆಳಗಿನ ಕೆಲಸ ಹಾಳಾಯಿತು, ಅವನು ಗದರಲಿಲ್ಲ.

ಅವಳು ರಾಟೆಯ ಮುಂದೆ ಬಂದು ನಿಂತಳು.

"ನಂಗೂ ಆಗಿತ್ತು ಅಪ್ಪ," ಎಂದಳು.

ಯಾವುದಕ್ಕೆ ಉತ್ತರವೆಂದು ಅವನಿಗೆ ಕೂಡಲೇ ಹೊಳೆಯಲಿಲ್ಲ. ನೆತ್ತಿಯ ಮೇಲಿನ ಸೂರ್ಯನನ್ನು ನೋಡಿದ, ಗುರುವಾರದಿಂದ ದಿನ ಎಣಿಸಿದ. ಆಗ ತಿಳಿಯಿತು.